ಕುರಿ ಕಂಡ ಮುಖ

ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಅನುಪಮಾ ಬೆಳಗಾಗೆದ್ದು ವಾಟ್ಸಾಪಿನಲ್ಲಿ ಹಾಕಿದರೆ ಜನ ಏನು ಮಾಡುತ್ತಿದ್ದರು? ಕೈ ಮುಗಿಯುತ್ತಿದ್ದರು. ಶುಕ್ರಗ್ರಹ ತನ್ನ ಸುತ್ತ ಒಂದು ಸಲ ತಿರುಗುವಷ್ಟರಲ್ಲಿ ಅಲ್ಲಿನ ಒಂದು ವರ್ಷವೇ ಮುಗಿದು ಹೋಗಿರುತ್ತದೆ ಎಂದು ಹಾಕಿದರೂ ಕೈ ಮುಗಿಯುತ್ತಿದ್ದರು. ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎಂದರೂ ಅದೇ ಎರಡು ಕೈ, ಪಕ್ಕದಲ್ಲೊಂದು ಗುಲಾಬಿ. ಅದೇ ಗುಂಪಿನಲ್ಲಿ ಯಾರೋ ಪುಣ್ಯಾತ್ಮ ಹೆಣ್ಣು ನವಿಲು ಗಂಡಿನ ಕಣ್ಣೀರು ಕುಡಿದು ಬಸುರಾಗುತ್ತದೆ ಎಂದು ಹಾಕಿದ್ದೇ ತಡ, ಗುಂಪಿಗೆ ಗುಂಪೇ ಎದ್ದು ಕೂತು ಹೌದೌದು ಎಂದಿತ್ತು. ಸುಳ್ಳಿನ ಮನೆ ದೇವರಿಗೆ ದಿನಾ ಹೋಳಿಗೆ, ನಿಜದ ಮನೆ ದೇವರಿಗೆ ಒಣ ಕೈ ಎಂದು ಅವಳು ಆವತ್ತು ಲಿಂಗಸುಗೂರಿನಿಂದ ಗುರುಗುಂಟಾದ ತನಕ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಬಂದಿದ್ದಳು.

ಅವಳು ಗುರುಗುಂಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಊರು ಸಿಂಧನೂರು, ಬಾಡಿಗೆ ಮನೆ ಲಿಂಗಸುಗೂರು. ಸಿಂಧನೂರಿನ ಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಕೂತು ಪೇಪರು ಓದುವ ಅಪ್ಪ ಚಿಕ್ಕಂದಿನಿಂದ ಅವಳಿಗೆ ಒಂದೇ ಮಾತು ಹೇಳಿಕೊಟ್ಟಿದ್ದರು: ಯಾರೋ ಹೇಳ್ಯಾರ ಅಂತ ನಂಬಬ್ಯಾಡ, ನೋಡಿ ನಂಬು. ಅಪ್ಪ ಹೇಳಿದ್ದನ್ನು ಕಟ್ಟಿಕೊಂಡು ಲೋಕಕ್ಕೆ ಬಂದರೆ, ಲೋಕಕ್ಕೆ ನೋಡುವುದೂ ಬೇಡ ನಂಬುವುದೂ ಬೇಡ. ಹಟ್ಟಿಯ ಗಣಿಯಲ್ಲಿ ಸಿಗುವ ಬಂಗಾರ ಈ ಭೂಮಿಯಲ್ಲಿ ಹುಟ್ಟಿದ್ದೇ ಅಲ್ಲ, ಭೂಮಿ ಹುಟ್ಟುವ ಮೊದಲು ಸತ್ತ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಆದದ್ದು ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದಳು. ಕನ್ನಡದ ಮೇಷ್ಟ್ರು ಚಹಾ ಸುರಿಯುತ್ತ, "ಇನ್ನೊಂದಿಷ್ಟು ಬೀಳೂದಿದ್ರ ಮೊದ್ಲ ಹೇಳ್ರಿ, ಬುಟ್ಟಿ ಹಿಡಕೊಂಡು ನಿಂದರತೀನಿ" ಅಂದರು. ಎಲ್ಲರೂ ನಕ್ಕರು. ಅನುಪಮಾ ನಗಲಿಲ್ಲ. ಅವಳ ಚಹಾ ಆರಿ ಹೋಯಿತು.

ಹೇಳಿದ್ದನ್ನು ಕಿವಿಗೆ ಹಾಕಿಕೊಂಡವಳು ಆ ಊರಲ್ಲಿ ಒಬ್ಬಳೇ, ಗ್ಯಾನಮ್ಮ. ಸಂಜೆ ಬಸ್ಸಿನ ಹೊತ್ತಿಗೆ ಆಕೆ ಶಾಲೆಯ ಕಾಂಪೌಂಡಿನ ಪಕ್ಕದ ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದಳು. ಗಂಡ ಸಿದ್ದರಾಮೇಶ ಮಸ್ಕಿಯ ಸೇತುವೆ ಹತ್ತಿರ ಬೈಕಿನಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದ. ಅದಕ್ಕೂ ಮೊದಲೇ ಅರ್ಧ ಕೆಲಸ ಆಕೆಯದೇ ಆಗಿತ್ತು, ಈಗ ಪೂರ್ತಿ ಆಯಿತು. ಸೆರಗನ್ನು ನಡುವಿಗೆ ಸಿಗಿಸಿ, ಕೈಯಲ್ಲಿ ಬಡಿಗೆ ಹಿಡಿದು, ರಸ್ತೆಗಿಳಿದ ಕುರಿಗಾಗಿ ಲಾರಿಯವನನ್ನೇ ನಿಲ್ಲಿಸಿ ಅವನ ಮೂರು ತಲೆಮಾರನ್ನು ಎಣಿಸುವ ಹೆಂಗಸು. ಅಂಥ ಬಾಯಿ ಅನುಪಮಾಳಿಗೆ ಬಹಳ ಇಷ್ಟ.

ಒಂದು ದಿನ ಅನುಪಮಾ ಹೇಳಿದಳು: ಕುರಿಯ ಕಣ್ಣಿನ ಪಾಪೆ ಅಡ್ಡ ಗೆರೆ ಇದ್ದಂಗೆ ಇರತದಲ್ಲ, ಅದು ತಲೆ ಬಗ್ಗಿಸಿ ಮೇಯುವಾಗಲೂ ಆ ಗೆರೆ ನೆಲಕ್ಕೆ ಸಮವಾಗೇ ಇರತದ. ತಲೆ ಬಗ್ಗಿದರೂ ಕಣ್ಣುಗುಡ್ಡೆ ಒಳಗೇ ತಿರುಗತದ, ಮೇಯುತ್ತಲೇ ಸುತ್ತಲಿನ ತೋಳ ಕಾಣಲಿ ಅಂತ. ಗ್ಯಾನಮ್ಮ "ಹೌದ್ರೀ?" ಅಂದವಳೇ ಕೆಸರಲ್ಲಿ ಮೊಣಕಾಲೂರಿ ಕುರಿಯ ದವಡೆ ಕೆಳಗೆ ತಲೆ ಹಾಕಿದಳು. ಎಷ್ಟೋ ಹೊತ್ತು ನೋಡಿದಳು. "ಖರೇ ಐತ್ರೀ ಅಕ್ಕೋರ. ಹುಟ್ಟಿದಾಗಿಂದ ಇದರ ಜೋಡಿ ಅದೀನಿ, ಒಂದ ದಿನ ನೋಡಿದ್ದಿಲ್ಲ." ಅನುಪಮಾಳಿಗೆ ಆ ಕೆಸರು ಮೊಣಕಾಲನ್ನು ಕಂಡು ಕಣ್ಣು ತುಂಬಿ ಬಂತು. ಬಸ್ಸು ಬಂದು ಹಾರ್ನು ಹೊಡೆದರೂ ಅವಳು ಏಳಲಿಲ್ಲ.

ಆದರೆ ಇನ್ನೊಂದನ್ನು ಗ್ಯಾನಮ್ಮ ನಂಬಲಿಲ್ಲ. ಕುರಿ ಮುಖ ಗುರುತು ಹಿಡಿಯುತ್ತದೆ, ಐವತ್ತು ಕುರಿಗಳ ಮುಖವನ್ನು ಎರಡು ವರ್ಷ ನೆನಪಿಡುತ್ತದೆ, ಸಾಕಿದ ಮನುಷ್ಯರ ಫೋಟೋ ತೋರಿಸಿದರೂ ಗುರುತು ಹಿಡಿಯುತ್ತದೆ, ಪರೀಕ್ಷೆ ಮಾಡಿ ನೋಡಿದ್ದಾರೆ ಎಂದು ಅನುಪಮಾ ಹೇಳಿದಾಗ ಆಕೆ ಬಿದ್ದು ಬಿದ್ದು ನಕ್ಕಳು.

"ಮುಂದಿನ ಕುರಿ ಬಾಲ ನೋಡಿ ಹೋಗೂ ಜೀವಕ್ಕ ಮುಖ ಯಾಕ ಬೇಕ್ರೀ? ನಾ ಕೂಗತೀನಿ, ಬರತಾವ. ಹುಲ್ಲು ಹಿಡದವರ ಮುಖಾನ ಅದಕ್ಕ ಮುಖ."

"ನೋಡಿದ ಮ್ಯಾಲೆ ನಂಬು, ಈಗ ಬ್ಯಾಡ" ಅಂದಳು ಅನುಪಮಾ.

ನೋಡುವ ದಿನ ಬಂತು, ಬರಬಾರದ ರೀತಿಯಲ್ಲಿ ಬಂತು.

ಸಿದ್ದರಾಮೇಶನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡಷ್ಟು ದಿನ ಗ್ಯಾನಮ್ಮನ ಕುರಿಗಳನ್ನು ಅವನ ಅಣ್ಣ ಮೈಲಾರಲಿಂಗಪ್ಪ ಕಾದಿದ್ದ. ವಾಪಸು ಕೊಡುವಾಗ ಎಲ್ಲ ಕೊಟ್ಟ, ಕೆಂಚಿಯನ್ನು ಮಾತ್ರ ಇಟ್ಟುಕೊಂಡ. ಕೆಂಚಿ ಹಿಂಡಿನ ಮುಂದಾಳು, ಕೊರಳಲ್ಲಿ ಗಂಟೆ ಕಟ್ಟಿದ ಕೆಂಪು ಕುರಿ. ತಾಯಿ ಸತ್ತಾಗ ಗ್ಯಾನಮ್ಮನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಕೇಳಿದರೆ ಅವನು, ಪಾಲಾಗುವಾಗ ಇದು ನನ್ನ ಪಾಲಿಗೇ ಬಂದಿತ್ತು ಅಂದ. ಒಂದೇ ಮನೆಯ ಹಿಂಡು ಒಡೆದದ್ದಾದ್ದರಿಂದ ಎರಡೂ ಕಡೆಯ ಕುರಿಗಳ ಕಿವಿಯಲ್ಲಿ ಒಂದೇ ಕತ್ತರಿ ಗುರುತು. ಕಿವಿ ನೋಡಿ ಹೇಳುವ ಹಾಗಿರಲಿಲ್ಲ.

ಒಂದು ಕುರಿ ಹೋದರೆ ಹೋಯಿತು ಬಿಡು ಅನ್ನುವ ಮಾತಲ್ಲ ಇದು. ಕೆಂಚಿ ಎಲ್ಲಿಗೆ ಹೋದರೆ ಹಿಂಡು ಅಲ್ಲಿಗೆ. ದಿನಾ ಬೆಳಿಗ್ಗೆ ಗ್ಯಾನಮ್ಮ ಕುರಿದಡ್ಡಿಯ ಬಾಗಿಲು ತೆಗೆದರೆ ಕುರಿಗಳೆಲ್ಲ ಗಂಟೆಯ ಸದ್ದಿಗೆ ಭಾವನ ದಡ್ಡಿಗೇ ನಡೆಯುತ್ತಿದ್ದವು. ಮೈಲಾರಲಿಂಗಪ್ಪ ಕರುಣೆ ಬಂದವನಂತೆ, ನಾನೇ ಎಲ್ಲ ಕಾಯ್ತೀನಿ, ಹೆಂಗಸು ಮನೆಯಲ್ಲಿ ಗಂಡನ ಕಾಲು ನೋಡಿಕೊಳ್ಳಲಿ ಅಂದ. ಭತ್ತದ ಕೊಯ್ಲು ಮುಗಿದು ಗೊರೇಬಾಳದ ಗದ್ದೆಗಳಲ್ಲಿ ಕುರಿ ತರುಬುವ ಕಾಲ ಅದು. ರಾತ್ರಿ ಗದ್ದೆಯಲ್ಲಿ ಹಿಂಡು ಮಲಗಿದರೆ ಹಿಕ್ಕೆಯೇ ಗೊಬ್ಬರ, ಅದಕ್ಕಾಗಿ ಅಲ್ಲಿನ ರೈತರು ಕರೆಯುತ್ತಾರೆ. ಈ ಸಲ ಗ್ಯಾನಮ್ಮ ತಾನೇ ಹಿಂಡು ಹೊಡೆದುಕೊಂಡು ಹೋಗುವುದೆಂದು ಮಾತು ಕೊಟ್ಟಿದ್ದಳು. ಕೆಂಚಿ ಇಲ್ಲದೆ ಹಿಂಡು ಕಾಲುವೆಯ ಸೇತುವೆ ದಾಟುವುದಿಲ್ಲ. ಕೆಂಚಿ ಹೋದರೆ ಹಿಂಡು ಹೋಯಿತು, ಹಿಂಡು ಹೋದರೆ ಆಕೆ ಮನೆಯೊಳಗಾದಳು.

"ನಿಮ್ಮ ಗಂಡ ಏನಂತಾರ?" ಎಂದು ಅನುಪಮಾ ಕೇಳಿದಳು.

"ಅಣ್ಣನ ಕೂಡ ಯಾಕ ಜಗಳ ಅಂತಾನ. ಮಲಗಿದವಗ ಎಲ್ಲಾನೂ ಶಾಂತಿ."

ಗ್ಯಾನಮ್ಮ, ಮೈಲಾರಲಿಂಗಪ್ಪ ಇಬ್ಬರೂ ಒಪ್ಪುವ ಮನುಷ್ಯ ಬುಡ್ಡೇಸಾಬ್. ಲಿಂಗಸುಗೂರಿನ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿ ಗಡ್ಡ ಬೆಳ್ಳಗಾದವನು, ಯಾರ ಪರವೂ ಅಲ್ಲದವನು. ಬಸ್ ನಿಲ್ದಾಣದ ಮಾಬುಬೀಯ ಚಹಾದಂಗಡಿಯಲ್ಲಿ ಅನುಪಮಾ ಅವನನ್ನು ಹಿಡಿದಳು. ಕುರಿಯನ್ನೇ ಕೇಳಿ ಅಂದಳು. ಒಂದು ತುದಿಗೆ ಆತ, ಇನ್ನೊಂದು ತುದಿಗೆ ಆಕೆ. ನಡುವೆ ಕೆಂಚಿಯನ್ನು ಬಿಡಿ. ಹುಲ್ಲು ಹಿಡಿಯಬಾರದು, ಕೂಗಬಾರದು, ಸಿಳ್ಳೆ ಹಾಕಬಾರದು. ಬರೀ ಮುಖ. ಸಾಕಿದವರ ಮುಖ ಅದಕ್ಕೆ ಗೊತ್ತು.

ಕೂಗಬಾರದು ಎಂಬ ಶರತ್ತು ಹಾಕಿದ್ದು ಅನುಪಮಾಳೇ. ಕೂಗಿದರೆ ದನಿಗೆ ಬಂತೋ ಮುಖಕ್ಕೆ ಬಂತೋ ತಿಳಿಯುವುದಿಲ್ಲವಲ್ಲ. ಪರೀಕ್ಷೆ ಶುದ್ಧವಾಗಿರಬೇಕು. ಅವಳ ತಲೆಯಲ್ಲಿ ಕುರಿಯಷ್ಟೇ ಇರಲಿಲ್ಲ, ಇಷ್ಟು ದಿನ ಕೈ ಮುಗಿದು ಸುಮ್ಮನಾದವರೆಲ್ಲ ಇದ್ದರು. ಒಮ್ಮೆಯಾದರೂ ಇವರ ಕಣ್ಣೆದುರಿಗೆ ಒಂದು ನಿಜ ನಡೆದುಕೊಂಡು ಬರಲಿ ಎಂಬ ಹಟ ಅವಳಿಗೆ.

"ಅಕ್ಕೋರು ಅಂತಾರಂದ್ರ ಅಜಮಾಯಿಶಿ ಮಾಡಿ ನೋಡೇ ಬಿಡೂಣು" ಅಂದ ಬುಡ್ಡೇಸಾಬ್.

ಭಾನುವಾರ ಮುಂಜಾನೆ ಶಾಲೆಯ ಬಯಲಿಗೆ ಅರ್ಧ ಊರು ಬಂತು. ಮೈಲಾರಲಿಂಗಪ್ಪ ರುಮಾಲು ಸುತ್ತಿ, ಮೀಸೆ ತೀಡಿ, ದಿನಾ ಇರುವ ಹಾಗೇ ಬಂದು ಒಂದು ತುದಿಗೆ ನಿಂತ. ಗ್ಯಾನಮ್ಮ ತಲೆಗೆರೆದುಕೊಂಡು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು ಬಂದಳು. ಬಂದವಳು ಬಯಲಿನ ಅಂಚಿನಲ್ಲಿ ಭಾವನನ್ನು ಕಂಡದ್ದೇ ಸೆರಗನ್ನು ಗದ್ದದ ತನಕ ಎಳೆದುಕೊಂಡಳು. ಎಳೆದುಕೊಂಡು ಅಡ್ಡ ತಿರುಗಿ ನಿಂತಳು.

ಆ ಮನೆಯಲ್ಲಿ ಅದು ನಡೆದು ಬಂದದ್ದು. ಹಿರಿಯ ಭಾವನಿಗೆ ಕಿರಿಯ ತಮ್ಮನ ಹೆಂಡತಿ ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ. ಮೈಲಾರಲಿಂಗಪ್ಪ ಯಾವ ಬಾಗಿಲಿಗೆ ಬಂದರೂ ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮು ಕೇಳಿದ ಕೂಡಲೇ ಒಳಗಿದ್ದ ಗ್ಯಾನಮ್ಮನ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಮದುವೆಯಾದ ದಿನದಿಂದ ಹೀಗೇ. ಬಯಲಿನಲ್ಲಿ ಇದ್ದ ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ, ಅನುಪಮಾಳಿಗೂ ಅನ್ನಿಸಲಿಲ್ಲ. ಅವಳ ಕಣ್ಣು ಕುರಿಯ ಮೇಲಿತ್ತು.

ಬುಡ್ಡೇಸಾಬ್ ಕೆಂಚಿಯ ಹಗ್ಗ ಬಿಟ್ಟ. ಕುರಿ ನಡುಬಯಲಿನಲ್ಲಿ ನಿಂತು ಕಿವಿ ಅಲ್ಲಾಡಿಸಿತು. ಹಸಿರು ಸೀರೆಯ ಕಡೆ ನೋಡಿತು, ಎರಡು ಹೆಜ್ಜೆ ಇಟ್ಟಿತು. ಅನುಪಮಾಳ ಉಸಿರು ನಿಂತಿತು. ಕುರಿಯೂ ನಿಂತಿತು. ಮತ್ತೆ ನೋಡಿತು. ಆಮೇಲೆ ಸುಮ್ಮನೆ ತಿರುಗಿ, ಗಂಟೆ ಬಾರಿಸಿಕೊಂಡು, ಮೈಲಾರಲಿಂಗಪ್ಪನ ಕಾಲ ಬಳಿ ಹೋಗಿ ನಿಂತಿತು.

ಜನ ಹೋ ಎಂದರು. ಕನ್ನಡದ ಮೇಷ್ಟ್ರು ಅಲ್ಲಿಗೂ ಬಂದಿದ್ದರು. "ಆಕ್ಟೋಪಸ್ಸಿನ ಮ್ಯಾಲ ಮಾಡಬೇಕಿತ್ರೀ ಮೇಡಂ, ಅದಕ್ಕ ಮೂರು ಹೃದಯ ಅದಾವ" ಅಂದರು. ಓದಿದ್ದೆಲ್ಲ ಸುಳ್ಳೇ, ಅಥವಾ ಇಲ್ಲಿನ ಕುರಿಗಳೇ ಬೇರೆಯೇ ಎಂದು ಅನುಪಮಾಳ ತಲೆ ಗಿರ್ರನೆ ತಿರುಗಿತು. ಆಗ ಗ್ಯಾನಮ್ಮನ ಕಡೆ ನೋಡಿದಳು. ನೋಡಿದರೆ ಅಲ್ಲಿ ಮುಖವೇ ಇರಲಿಲ್ಲ. ಹಸಿರು ಬಟ್ಟೆ ಹೊದ್ದ ಒಂದು ಕಂಬ ಇತ್ತು.

"ಸೆರಗು ತಗೀರಿ" ಎಂದು ಅನುಪಮಾ ಓಡಿದಳು. "ಗ್ಯಾನಮ್ಮ, ಮುಖ ಮುಚ್ಚಿಕೊಂಡರ ಅದಕ್ಕ ಹೆಂಗ ಗೊತ್ತಾಗಬೇಕು? ಬುಡ್ಡೇಸಾಬಣ್ಣ, ಇದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಬಿಡ್ರಿ. ಸೆರಗು ತಗದ ಮ್ಯಾಲ ಬಿಡ್ರಿ."

ಮೈಲಾರಲಿಂಗಪ್ಪ ಅವಳ ಕಡೆ ತಿರುಗಲೂ ಇಲ್ಲ, ಬುಡ್ಡೇಸಾಬನಿಗೆ ಹೇಳಿದ: "ಕುರಿ ಪಂಚೇತಿ ಅಂತ ಕರದ್ರಿ, ಬಂದೆ. ನಮ್ಮ ಮನಿ ಹೆಣ್ಮಗಳ ಮುಖ ನೋಡೂ ಪಂಚೇತಿ ಆದ್ರ ನಾ ಬರೂದಿಲ್ಲ."

ಗ್ಯಾನಮ್ಮ ಸೆರಗು ತೆಗೆಯಲಿಲ್ಲ. ಸೆರಗಿನೊಳಗಿಂದ ಒಂದು ಮಾತೂ ಬರಲಿಲ್ಲ. ಲಾರಿಯವನ ಮೂರು ತಲೆಮಾರು ಎಣಿಸಿದ ಬಾಯಿ ಅದು. ಬುಡ್ಡೇಸಾಬ್ ಗಡ್ಡ ನೀವಿಕೊಂಡು, ಶರತ್ತು ಶರತ್ತೇ, ಕುರಿ ಹೋದ ಕಡೆ ಕುರಿ ಎಂದುಬಿಟ್ಟ. ನಾಳೆ ಬೆಳಿಗ್ಗೆಯೇ ಎರಡೂ ಹಿಂಡು ಕೂಡಿಸಿ ಗೊರೇಬಾಳಕ್ಕೆ ಹೊಡೆಯುವುದಾಗಿ ಮೈಲಾರಲಿಂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿ ಹೋದ.

ಅನುಪಮಾ ಗ್ಯಾನಮ್ಮನ ಹಿಂದೆಯೇ ಆಕೆಯ ಮನೆಗೆ ಹೋದಳು. ಒಳಗಿನ ಕೋಣೆಯಲ್ಲಿ ಸಿದ್ದರಾಮೇಶ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ನಿದ್ದೆ ಬಂದವನಂತೆ. ಗ್ಯಾನಮ್ಮ ಸೆರಗು ಸರಿಸಿ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಳು.

"ಒಂದು ಕ್ಷಣ. ಒಂದೇ ಒಂದು ಕ್ಷಣ ತಗದಿದ್ರ ಆಗತಿತ್ತು" ಅನುಪಮಾಳಿಗೆ ದನಿ ತಗ್ಗಿಸಲು ಆಗಲಿಲ್ಲ. "ರಸ್ತೇದಾಗ ದಿನಾ ಮುಖ ತೆರಕೊಂಡೇ ಅಡ್ಡಾಡತೀರಿ. ಊರ ಮಂದಿ ಎಲ್ಲಾರೂ ನೋಡ್ಯಾರ. ಆತ ಒಬ್ಬ ನೋಡಿದ್ರ ಏನು ಸವೆಯೂದಿತ್ತು? ನಾ ಅಷ್ಟು ಬಡಕೊಂಡೆ. ನಿಮಗ ಹಿಂಡು ಬೇಕಾ, ಸೆರಗು ಬೇಕಾ?"

ಗ್ಯಾನಮ್ಮ ಮುಖ ಒರೆಸಿಕೊಂಡಳು. ಆಕೆಗೂ ಸಿಟ್ಟು ಬಂದಿತ್ತು.

"ನೀವು ಸಂಜಿಗೆ ಬಸ್ ಹತ್ತಿ ಹೋಗತೀರಿ ಅಕ್ಕೋರ. ನಾ ಇಲ್ಲೇ ಇರಬೇಕು. ಕೂಗಬ್ಯಾಡ ಅಂತ ಅಂದವರು ನೀವು. ನಾ ಒಂದ ಸಲ ಹುರ್ರ್ ಅಂದಿದ್ರ ಅದು ಓಡಿ ಬರತಿತ್ತು. ಭಾವನ ಮುಂದ ಕೂಗೂದೂ ಆಗತಿರಲಿಲ್ಲ, ಅದು ಬ್ಯಾರೆ ಮಾತು. ನನ್ನ ಬಾಯಿ ನೀವು ಕಟ್ಟಿದ್ರಿ, ಮುಖ ಅವರು ಕಟ್ಟ್ಯಾರ. ಕುರಿಗೆ ನಾ ಇನ್ನೇನ ತೋರಿಸಲಿ?"

ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ತಪ್ಪು ತನ್ನದೇ ಸಿಗುತ್ತಿತ್ತು. ಅದರಿಂದ ಅನುಪಮಾಳ ಸಿಟ್ಟು ಇನ್ನೂ ಹೆಚ್ಚಾಯಿತು.

ಗ್ಯಾನಮ್ಮ ಹೊಸ್ತಿಲ ಮೇಲೆ ಕೂತಳು. ಕೂತವಳು ಕೇಳಿದಳು: "ಖರೇನ ಗುರುತು ಹಿಡಿತೈತೇನ್ರಿ ಅದು? ಮುಖ?"

"ಹಿಡಿತೈತಿ" ಅಂದಳು ಅನುಪಮಾ, ಸೋತ ದನಿಯಲ್ಲಿ.

"ಇಷ್ಟು ವರ್ಷ ಆತು ಈ ಮನಿಗೆ ಬಂದು. ಬ್ಯಾರೆ ಆಗೂತನಕ ಭಾವನೂ ನಾನೂ ಒಂದ ಸೂರಿನ ಕೆಳಗ ಇದ್ವಿ. ದಿನಾ ನಾ ಬಡಿದ ರೊಟ್ಟಿ ಉಂಡಾನ. ಆತಗ ನನ್ನ ಮುಖ ಗೊತ್ತಿಲ್ಲ. ನೀವು ನೋಡಿದ್ರ ಕುರಿಗೆ ಗೊತ್ತೈತಿ ಅಂತೀರಿ."

ಅನುಪಮಾ ಆಕೆ ಕೊಟ್ಟ ನೀರು ಕುಡಿದು ಬಸ್ಸಿಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಗುಂಪಿಗೆ ಏನೂ ಕಳಿಸಲಿಲ್ಲ. ಯಾರೂ ಯಾಕೆ ಎಂದು ಕೇಳಲಿಲ್ಲ. ಸಾಯಲಿ, ಇನ್ನು ಜನುಮದಲ್ಲಿ ಯಾರಿಗೂ ಏನೂ ಹೇಳುವುದಿಲ್ಲ, ಪಾಠ ಉಂಟು ತಾನುಂಟು ಎಂದುಕೊಂಡು ಗುರುಗುಂಟಾದಲ್ಲಿ ಇಳಿದಳು. ಚಳಿ ಇತ್ತು. ಮಾಬುಬೀ ಚಹಾ ಕೊಟ್ಟು, "ನಿನ್ನಿದು ಮರತು ಬಿಡ್ರಿ ಅಕ್ಕೋರ, ಮೂಕ ಪ್ರಾಣಿ, ಅದಕ್ಕೇನ ಗೊತ್ತಾಗತೈತಿ" ಎಂದು ಸಮಾಧಾನ ಮಾಡಲು ಹೋದಳು. ಆ ಸಮಾಧಾನ ಅನುಪಮಾಳಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ಪಕ್ಕದ ಬೆಂಚಿನಲ್ಲಿ ಬುಡ್ಡೇಸಾಬ್ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ, ಇತ್ತ ನೋಡಲಿಲ್ಲ.

ಗಂಟೆಯ ಸದ್ದು ಕೇಳಿತು. ಊರ ಕಡೆಯಿಂದ ಕುರಿಗಳು ರಸ್ತೆ ತುಂಬ ಬರುತ್ತಿದ್ದವು, ಎರಡೂ ಹಿಂಡು ಕೂಡಿ. ಎಲ್ಲಕ್ಕಿಂತ ಮುಂದೆ ಕೆಂಚಿ, ಎಲ್ಲಕ್ಕಿಂತ ಹಿಂದೆ ಧೂಳಿನಲ್ಲಿ ಮೈಲಾರಲಿಂಗಪ್ಪನ ರುಮಾಲು. ಗೊರೇಬಾಳಕ್ಕೆ ಹೊರಟದ್ದು. ಅನುಪಮಾ ನೋಡಬಾರದೆಂದು ತಲೆ ತಿರುಗಿಸಿದಳು. ತಿರುಗಿಸಿದ ಕಡೆಯೇ ಗ್ಯಾನಮ್ಮ ಇದ್ದಳು.

ಶಾಲೆಯ ಕಾಂಪೌಂಡಿನ ಮುಂದೆ, ತನ್ನ ಓಣಿಗೆ ತಿರುಗುವ ಜಾಗದಲ್ಲಿ, ರಸ್ತೆಯ ನಟ್ಟನಡುವೆ ನಿಂತಿದ್ದಳು. ನಿನ್ನೆ ಉಟ್ಟಿದ್ದ ಅದೇ ಹಸಿರು ಸೀರೆ. ಕೈಯಲ್ಲಿ ಹುಲ್ಲಿರಲಿಲ್ಲ, ಬಡಿಗೆಯೂ ಇರಲಿಲ್ಲ. ಬಾಯಿ ಮುಚ್ಚಿತ್ತು. ಸೆರಗು ಮಾತ್ರ ಮುಖದ ಮೇಲಿರಲಿಲ್ಲ, ನಡುವಿಗೆ ಸಿಗಿಸಿತ್ತು. ನಿನ್ನೆಗೂ ಇವತ್ತಿಗೂ ಒಂದೇ ಒಂದು ವ್ಯತ್ಯಾಸ ಇಟ್ಟುಕೊಂಡು ಬಂದಿದ್ದಾಳೆ ಎಂದು ಅನುಪಮಾಳಿಗೆ ಹೊಳೆಯಿತು. ಪರೀಕ್ಷೆ ಹೇಗೆ ಮಾಡಬೇಕೆಂದು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ.

ಕೆಂಚಿ ನಡೆದು ಬರುತ್ತಿದ್ದದ್ದು ನಿಂತಿತು. ತಲೆ ಎತ್ತಿತು. ಹಿಂದಿನ ಕುರಿಗಳು ಅದರ ಬೆನ್ನಿಗೆ ಬಂದು ಒತ್ತಿದವು. ಅದು ಗ್ಯಾನಮ್ಮನ ಮುಖವನ್ನೇ ನೋಡುತ್ತ ಒಂದು ಸಲ ಅರಚಿ, ನೇರ ಬಂದು ಆಕೆಯ ಮೊಣಕಾಲಿಗೆ ಹಣೆ ಒತ್ತಿತು. ಗ್ಯಾನಮ್ಮ ಅದರ ಕಿವಿ ಹಿಡಿದು ಓಣಿಯ ಕಡೆ ತಿರುಗಿಸಿದಳು. ಕೆಂಚಿ ತಿರುಗಿದ್ದೇ ಹಿಂದಿನದು ತಿರುಗಿತು, ಅದರ ಹಿಂದಿನದು ತಿರುಗಿತು. ಆಕೆಯವೂ ಅವನವೂ ಎಲ್ಲ ಕೂಡಿ ಓಣಿಯೊಳಗೆ ನುಗ್ಗಿದವು.

ಬುಡ್ಡೇಸಾಬ್ ಬನ್ನು ಕೆಳಗಿಟ್ಟು ಎದ್ದು ನಿಂತ. "ಯಾ ಅಲ್ಲಾ" ಅಂದ ಮೆಲ್ಲಗೆ. "ಶರತ್ತು ಇವತ್ತು ಮುಗೀತು ನೋಡ್ರಿ ಅಕ್ಕೋರ. ನಿನ್ನಿ ಮುಗಿದಿದ್ದಿಲ್ಲ."

ಹಿಂಡು ಎತ್ತ ಹೋಯಿತೆಂದು ತಿಳಿಯದೆ ಮೈಲಾರಲಿಂಗಪ್ಪ ಹಿಂದಿನಿಂದ ಕುರಿಗಳನ್ನು ಸರಿಸಿಕೊಂಡು ಬಿರಬಿರನೆ ಬಂದ. ಓಣಿಯ ಬಾಯಲ್ಲಿ ಕೆಂಪು ಕುರಿಯ ಕಿವಿ ಹಿಡಿದು ನಿಂತ ಹೆಂಗಸನ್ನು ಕಂಡ. ಅವಳ ಮುಖವನ್ನು ನೆಟ್ಟಗೆ ನೋಡಿದ.

"ಯಾರವ್ವಾ ನೀ?" ಅಂದ. "ಯಾವೂರಾಕಿ? ಕುರಿ ಬಿಡು, ದಾರಿ ಬಿಡು."

"ನಿಮ್ಮ ತಮ್ಮನ ಹೆಂಡತಿ" ಅಂದಳು ಗ್ಯಾನಮ್ಮ.

ಮೈಲಾರಲಿಂಗಪ್ಪನ ಕಣ್ಣು ನೆಲಕ್ಕಿಳಿಯಿತು. ಏನು ಮಾಡಬೇಕೆಂದು ತೋಚದೆ ಅವನು ಕೆಮ್ಮಿದ. ಹೊಸ್ತಿಲ ಹೊರಗೆ ನಿಂತು ಕೆಮ್ಮುವ ಅದೇ ಕೆಮ್ಮು. ಸ್ವಲ್ಪ ತಡೆದು, ಕೇಳಿಸಲಿಲ್ಲವೇನೋ ಎಂಬಂತೆ, ಇನ್ನೊಮ್ಮೆ ಕೆಮ್ಮಿದ. ಗ್ಯಾನಮ್ಮನ ಒಂದು ಕೈ ಕುರಿಯ ಕಿವಿಯ ಮೇಲಿತ್ತು, ಇನ್ನೊಂದು ಕೈ ಅದರ ಕೊರಳಿಗೆ ಬಿಗಿದಿದ್ದ ಗಂಟೆಯ ಹಗ್ಗ ಸಡಿಲ ಮಾಡುತ್ತಿತ್ತು. ಎರಡರಲ್ಲಿ ಒಂದೂ ಸೆರಗಿಗೆ ಹೋಗಲಿಲ್ಲ.